ಫ್ಲೋರಿ ಇಲ್ಲದ ಊಟ

“ನೀವ್ಯಾಕ ಹೊರಗ ಕುಂತೀರಿ? ಒಳಗ ಬರ್ರಿ.”

ತಲೆ ಎತ್ತಿದೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಕಿಪ್ಪಿಂಗ್ ಹಗ್ಗ, ಮುಖದ ತುಂಬ ನಗು. ವಿದ್ಯಾನಗರದ ಆಸ್ಪತ್ರೆಯೊಂದರಲ್ಲಿ ತೂಕ ಹೆಚ್ಚಿದ ಹದಿಹರೆಯದ ಮಕ್ಕಳಿಗೆಂದು ಪ್ರತಿ ಭಾನುವಾರ ಕ್ಲಾಸು ನಡೆಯುತ್ತಿತ್ತು. ತಂಗಿ ಫ್ಲೋರೆನ್ಸಳನ್ನು ಒಳಗೆ ಕಳಿಸಿ ನಾನು ಬೆಂಚಿನ ಮೇಲೆ ಆರಾಮಾಗಿ ಮೊಬೈಲ್ ನೋಡುತ್ತಿದ್ದೆ.

“ಪೇಶಂಟ್ ನಾ ಅಲ್ರಿ. ನನ್ನ ತಂಗಿ,” ಎಂದೆ.

“ಇಲ್ಲಿ ಯಾರೂ ಪೇಶಂಟ್ ಅಲ್ರಿ. ಇಡೀ ಮನಿಗೇ ಕ್ಲಾಸು. ಆಕಿ ಜಿಗದ್ರ ನೀವೂ ಜಿಗೀಬೇಕು, ಆಕಿ ಉಂಡದ್ದ ನೀವೂ ಉಣ್ಣಬೇಕು.”

“ಸೀರಿ ಉಟ್ಟೇನ್ರೀ!”

“ಸೆರಗ ಸಿಗಸ್ಕೊಳ್ರಿ,” ಎಂದು ಹಗ್ಗ ಚಾಚಿದ. ಬೆರಳಿಗೆ ಬೆರಳು ತಾಗದಂತೆ ಜಾಗ್ರತೆಯಿಂದ ಕೊಟ್ಟ. ನನಗೆ ಆ ಜಾಗ್ರತೆಯೇ ತಾಗಿತು.

ಅವನು ಜಾನ್ಸನ್, ಕ್ಲಾಸು ನಡೆಸುವ ಕೌನ್ಸೆಲರ್. ಅಮ್ಮ ತೀರಿಕೊಂಡ ಮೇಲೆ ಹದಿನೈದರ ಫ್ಲೋರಿಗೆ ಅಕ್ಕನೂ ಅಮ್ಮನೂ ನಾನೇ. ಶಾಲೆಯಲ್ಲಿ ಅಡ್ಡಹೆಸರು ಬಿದ್ದಾಗಿನಿಂದ ಅವಳು ನಾಲ್ಕು ಜನರ ಮುಂದೆ ತುತ್ತು ಎತ್ತುತ್ತಿರಲಿಲ್ಲ. ತಾಟು ಹಿಡಿದು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಉಣ್ಣುತ್ತಿದ್ದಳು. ಜಾನ್ಸನ್ ನಮ್ಮ ಅಪ್ಪನನ್ನೂ ನನ್ನನ್ನೂ ಎದುರಿಗೆ ಕೂರಿಸಿ ಖಡಕ್ಕಾಗಿ ಹೇಳಿದ.

“ಆಕಿಗೆ ಬ್ಯಾರೆ ಅಡಗಿ ಮಾಡಬ್ಯಾಡ್ರಿ. ಬ್ಯಾರೆ ಕೂಡಸಬ್ಯಾಡ್ರಿ. ಯಾರ ಮುಂದೂ ಆಕಿನ್ನ ಮುಚ್ಚಿಡಬ್ಯಾಡ್ರಿ.”

ಎಂಥ ಚೆಂದದ ಮಾತು! ನಾವು ಹಾಗೇ ಮಾಡಿದೆವು. ಅಪ್ಪ ಸಂಜೆಯ ಮಿರ್ಚಿ ಭಜಿಗೆ ಭಾರವಾದ ಮನಸ್ಸಿನಿಂದ ವಿದಾಯ ಹೇಳಿದರು. ಮೂವರೂ ಉಣಕಲ್ ಕೆರೆಯ ದಂಡೆಗೆ ವಾಕಿಂಗ್ ಹೋಗತೊಡಗಿದೆವು. ಜಾನ್ಸನ್ ಅಲ್ಲಿಯೂ ಪ್ರತ್ಯಕ್ಷನಾಗುತ್ತಿದ್ದ.

“ಅಕ್ಕಾ, ಸರ್ ಇವತ್ತೂ ಬಂದಾರ. ಇವರಿಗೂ ತೂಕ ಇಳಿಸೋದೈತೇನು?” ಎಂದು ಫ್ಲೋರಿ ಅವನಿಗೆ ಕೇಳುವಂತೆಯೇ ಹೇಳುತ್ತಿದ್ದಳು.

ಅವನು ನಗುತ್ತ ನನ್ನನ್ನು ನೋಡುತ್ತಿದ್ದ. ನಾನು ಕೆರೆ ನೋಡುವವಳಂತೆ ನಟಿಸುತ್ತಿದ್ದೆ. ಒಂದು ಸಂಜೆ ಬೇಕಂತಲೇ ಹಿಂದೆ ಉಳಿದು ಕೇಳಿದ.

“ಸಿಂಥಿಯಾ, ಅವ್ವನ್ನ ಕರ್ಕೊಂಡ ನಿಮ್ಮನಿಗೆ ಬರ್ಲೇನು?”

“ಯಾಕ, ನಮ್ಮ ತೂಕ ನೋಡಾಕೇನು?”

“ಕನ್ಯಾ ನೋಡಾಕ.”

ಕಿವಿಯವರೆಗೂ ಬಿಸಿಯೇರಿತು. ಅಷ್ಟರಲ್ಲಾಗಲೇ ಫ್ಲೋರಿ ಕ್ಲಾಸಿನ ಗೆಳತಿಯರ ಜೊತೆ ಡಬ್ಬಿ ಬಿಚ್ಚಿ ಕೂರುವಷ್ಟು ಧೈರ್ಯ ಮಾಡಿದ್ದಳು. ಅವಳಿಗೆ ಸರ್ ಹೇಳಿದ್ದೇ ವೇದವಾಕ್ಯ. ನನಗೂ ಅಷ್ಟೇ ಅನ್ನಿ.

ಜಾನ್ಸನ್ ತಾಯಿಯನ್ನು ಕರೆದುಕೊಂಡು ಕಮರಿಪೇಟೆಯಿಂದ ಬಂದ. ಮೇಜಿನ ಮೇಲೆ ಜೋಳದ ರೊಟ್ಟಿ, ಎಣಗಾಯಿ, ಮೊಸರು ಇಟ್ಟಿದ್ದೆ. ಎಲ್ಲರೂ ಕುಳಿತ ಮೇಲೆಯೇ ಅಪ್ಪ ಊಟದ ಪ್ರಾರ್ಥನೆ ಮಾಡುವುದು ನಮ್ಮ ಮನೆಯ ರೂಢಿ. ಆಮೆನ್ ಅನ್ನುವ ತನಕ ಯಾರೂ ತಾಟು ಮುಟ್ಟುವಂತಿಲ್ಲ. ಅಪ್ಪ ಕೈ ಜೋಡಿಸಿದರು, ಸುತ್ತ ನೋಡಿದರು, ಕೈ ಕೆಳಗಿಳಿಸಿದರು.

“ಫ್ಲೋರಿ ಎಲ್ಲಿ?”

“ನೀವು ಪ್ರಾರ್ಥನಾ ಮಾಡ್ರಿ ಅಂಕಲ್. ಆಕಿ ಬರ್ತಾಳ,” ಎಂದ ಜಾನ್ಸನ್. ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಲಿಲ್ಲ.

ಎದ್ದು ಹುಡುಕಿದೆ. ಕೋಣೆಯಲ್ಲಿಲ್ಲ, ಹಿತ್ತಿಲಲ್ಲಿಲ್ಲ. ಕೊನೆಗೆ ಪಕ್ಕದ ಮನೆಯ ಶರೀಫಾಬಿ ಚಾಚಿಯ ಅಡಿಗೆಮನೆಯಲ್ಲಿ ಸಿಕ್ಕಳು. ಹೊಸ ಚೂಡಿದಾರ ಹಾಕಿಕೊಂಡು ಬಾಗಿಲ ಹಿಂದೆ ನಿಂತಿದ್ದಳು.

“ಇಲ್ಲ್ಯಾಕ ನಿಂತಿ? ಯಾರ ಹೇಳಿದ್ರು ನಿನಗ?”

“ಸರ್ ಹೇಳಿದ್ರು. ಇದೊಂದ ಹೊತ್ತು ನಮ್ಮವ್ವನ ಕಣ್ಣಿಗೆ ಬೀಳಬ್ಯಾಡ, ಅಕ್ಕನ ಲಗ್ನ ಗಟ್ಟಿ ಆಗ್ಲಿ ಅಂದ್ರು.” ಆಮೇಲೆ ಸಣ್ಣ ದನಿಯಲ್ಲಿ, “ನಿನಗ ಹೇಳಬ್ಯಾಡ ಅಂದಿದ್ರು,” ಎಂದಳು.

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ! ನಾನು ಈ ಮಾತು ಹೇಳಿದ್ದರೆ ಫ್ಲೋರಿ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದಳು. ಅವನು ಹೇಳಿದ್ದಕ್ಕೆ ಸುಮ್ಮನೆ ಒಪ್ಪಿಕೊಂಡಿದ್ದಳು.

ಅವಳ ಕೈ ಹಿಡಿದು ಮೇಜಿನವರೆಗೆ ಕರೆತಂದೆ. “ಇಕಿ ನನ್ನ ತಂಗಿ ರೀ,” ಎಂದೆ.

ಅವನ ತಾಯಿ ಕಣ್ಣರಳಿಸಿದರು. “ಒಬ್ಬಾಕಿನ ಮಗಳು ಅಂದಿದ್ದ್ಯಲ್ಲೋ ಜಾನ್ಸನ್?” ಎಂದು ಮಗನನ್ನು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕದ ಕುರ್ಚಿ ಎಳೆದರು. “ಬಾರವಾ, ನನ್ನ ಬಾಜೂ ಕೂಡು. ಹಸದೀಯೇನು?” ಅವರು ಫ್ಲೋರಿಗಿಂತ ಒಂದು ಕೈ ಹೆಚ್ಚೇ ತೂಕದವರು.

ಅಪ್ಪ ಪ್ರಾರ್ಥನೆ ಮಾಡಿದರು. ನನಗೆ ಒಂದು ಶಬ್ದವೂ ಕೇಳಲಿಲ್ಲ. ಆ ತಾಯಿಗೆ ನನ್ನ ತಂಗಿ ಇರುವುದೇ ಗೊತ್ತಿರಲಿಲ್ಲ. ನಾಚಿಕೊಂಡವನು ಅವನು.

ಊಟವಾದ ಮೇಲೆ ಅವನನ್ನು ಗೇಟಿನ ಹತ್ತಿರ ಕರೆದೆ.

“ಒಂದ ಮಧ್ಯಾಹ್ನದ ಮಾತಿತ್ತು, ಸಿಂಥಿಯಾ. ಅವ್ವಗ ಗೊತ್ತಾದ್ರ ಚರ್ಚ್‌ನ್ಯಾಗ ಎಲ್ಲಾರಿಗೂ ಹೇಳ್ತಾಳ. ಮಂದಿ ಏನಂತಾರು? ಊರ ಮಕ್ಕಳಿಗೆ ಪಾಠಾ ಹೇಳ್ತಾನ, ಇವನ ನಾದಿನಿನ ಹಿಂಗ ಅದಾಳ ಅಂತ... ಹೆದರಿದೆ.”

“ಹೆದರಿದಾಂವ ನೀನು. ಅಡಗಿ ನಿಂತಾಕಿ ಆಕಿ.”

“ತಪ್ಪಾತು. ಆಕಿ ಮುಂದ ಕೈ ಮುಗದ ಸಾರಿ ಕೇಳ್ತೇನಿ.”

“ಕೇಳು. ಆಕಿ ಲಗೂನ ಕ್ಷಮಿಸ್ತಾಳ. ಅದಕ್ಕ ನನಗ ಸಿಟ್ಟು.”

“ಮತ್ತ ನೀನು?”

ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ. ಕೈ ಚಾಚಿ ಒರೆಸಬೇಕೆನ್ನಿಸಿತು. ಸೆರಗಿನ ತುದಿ ಗಟ್ಟಿ ಹಿಡಿದುಕೊಂಡು ನಿಂತೆ.

“ನಿನ್ನ ಮ್ಯಾಲೆ ಜೀವಾ ಐತಿ, ಜಾನ್ಸನ್. ಇವತ್ತೂ ಐತಿ. ಆದ್ರ ನನ್ನ ಫ್ಲೋರಿನ್ನ ಇವತ್ತ ಯಾವ ಬಾಗಲ ಹಿಂದ ನಿಲ್ಲಿಸಿಯೋ ಅಂತ ದಿನಾ ಹುಡಕ್ಕೋತ ಬಾಳಾಕ ನನಗಾಗೂದಿಲ್ಲ. ನಿಮ್ಮವ್ವಗ ಏನರ ಹೇಳ್ಕೋ. ಫ್ಲೋರಿ ಹೆಸರು ಮಾತ್ರ ತಗೀಬ್ಯಾಡ.”

ತಾಯಿಯನ್ನು ಆಟೋ ಹತ್ತಿಸಿ ಅವನು ಹೊರಟುಹೋದ. ಫ್ಲೋರಿ ಓಡಿಬಂದು ನನ್ನ ತೋಳು ಹಿಡಿದಳು.

“ಗಟ್ಟಿ ಆತೇನಕ್ಕಾ?”

“ಇಲ್ಲವಾ.”

ಅವಳ ಮುಖ ಇಳಿದುಹೋಯಿತು. “ನನ್ನಿಂದೇನು?”

“ನಿನ್ನಿಂದಲ್ಲ ಹುಚ್ಚಿ. ನನಗ ಆಂವ ಸೇರಲಿಲ್ಲ.”

ಎರಡನೆಯದು ಸುಳ್ಳು. ಮೊದಲನೆಯದನ್ನು ಅವಳು ನಂಬಲಿ ಎಂದು ಎರಡನೆಯದನ್ನು ನಗುತ್ತ ಹೇಳಿದೆ.