ಚೂಟಿಯ ಐಸ್ ಟೆಸ್ಟ್

ಟಕ್ ಎಂದು ಮ್ಯಾಗ್ನೆಟ್ ಕಪ್ಪಿಗೆ ಅಂಟಿಕೊಂಡಿತು.

“ಅಪ್ಪಾ, ನಿನ್ನ ಕಪ್ ಫೇಲ್,” ಎಂದಳು ಚೂಟಿ. “ಒಳಗೆಲ್ಲ ಕಬ್ಬಿಣ. ಮೇಲೆ ಬರೀ ಬೆಳ್ಳಿ ನೀರು ಹಾಕಿದಾರೆ.”

ಅದು ಅಪ್ಪ ಕಾಲೇಜಿನಲ್ಲಿ ಓಡಿ ಗೆದ್ದ ಕಪ್. ಈಗಿನ ಅಪ್ಪನ ಹೊಟ್ಟೆ ನೋಡಿದವರು ಯಾರೂ ಅದನ್ನು ನಂಬುತ್ತಿರಲಿಲ್ಲ. ಹಾಗಾಗಿ ಮನೆಗೆ ಬಂದವರಿಗೆಲ್ಲ ಅಪ್ಪ ಕಪ್ ತೋರಿಸಿ, ಅಚ್ಚ ಬೆಳ್ಳಿ ಎಂದೂ ಸೇರಿಸುತ್ತಿದ್ದ.

ಇದಕ್ಕೆಲ್ಲ ಕಾರಣ ಅಕ್ಕಸಾಲಿ ಮಾವ. ಹೋದ ಭಾನುವಾರ ತನ್ನ ಅಂಗಡಿಯಲ್ಲಿ ಅವನೇ ಚೂಟಿಗೆ ಹೇಳಿಕೊಟ್ಟಿದ್ದ. ಮ್ಯಾಗ್ನೆಟ್ ಅಂಟಿದರೆ ಅದು ಬೆಳ್ಳಿಯಲ್ಲ. ಅಂಟದಿದ್ದರೂ ಕುಣಿಯಬಾರದು, ಯಾಕೆಂದರೆ ಹಿತ್ತಾಳೆಗೂ ಅಂಟುವುದಿಲ್ಲ. ಆಗ ಐಸ್ ಇಡಬೇಕು. ಬೆಳ್ಳಿಯ ಮೇಲೆ ಐಸ್ ಬಲು ಬೇಗ ಕರಗುತ್ತದೆ.

ಅವತ್ತಿನಿಂದ ಮನೆಯ ಯಾವ ಪಾತ್ರೆಗೂ ನೆಮ್ಮದಿ ಇರಲಿಲ್ಲ. ಅಮ್ಮನ ಬಟ್ಟಲು ಪಾಸಾಯಿತು. ನಾಲ್ಕು ಚಮಚ ಫೇಲಾದವು. ಫ್ರಿಜ್‌ನಲ್ಲಿ ಒಂದು ಚೂರು ಐಸ್ ಉಳಿಯುತ್ತಿಲ್ಲ ಎಂದು ಅಮ್ಮ ಗೊಣಗಿದಳು.

ಕಪ್ ಫೇಲಾದಾಗ ಅಪ್ಪ ನಕ್ಕುಬಿಟ್ಟ. ಆದರೆ ಸಂಜೆ ಶೋಕೇಸಿನಲ್ಲಿ ಕಪ್ ಇರಲಿಲ್ಲ. ಹುಡುಕಿದರೆ ಬೀರುವಿನ ಮೇಲೆ, ಹಳೇ ಪೇಪರ್ ಕಟ್ಟಿನ ಹಿಂದೆ ಸಿಕ್ಕಿತು. ಅದನ್ನು ಅಲ್ಲಿ ನೋಡಿ ಚೂಟಿಗೆ ಬೇಜಾರಾಯಿತು. ರಾತ್ರಿ ಊಟವೂ ಸರಿಯಾಗಿ ಸೇರಲಿಲ್ಲ.

ಮರುದಿನ ಕೆಳಮನೆ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಟವೆಲ್ ಸುತ್ತಿದ ಒಂದು ತಟ್ಟೆ. ಅಜ್ಜಿ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ರಿಟೈರ್ ಆದ ದಿನ ವಾರ್ಡಿನವರೆಲ್ಲ ಸೇರಿ ಕೊಟ್ಟ ತಟ್ಟೆ ಅದು.

“ನಂದಕ್ಕೂ ಒಂದು ಟೆಸ್ಟ್ ಮಾಡೇ ಮರಿ. ಅಚ್ಚ ಬೆಳ್ಳಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ.”

ಮ್ಯಾಗ್ನೆಟ್ ಅಂಟಲಿಲ್ಲ. ಅಬ್ಬ, ಅಂದುಕೊಂಡಳು ಚೂಟಿ. ಆಮೇಲೆ ತಟ್ಟೆಯ ಮೇಲೊಂದು, ಅಮ್ಮನ ಬಟ್ಟಲಲ್ಲೊಂದು ಐಸ್ ಇಟ್ಟು ಎಣಿಸತೊಡಗಿದಳು.

ಐವತ್ತಕ್ಕೆ ಬಟ್ಟಲಿನ ಐಸ್ ಅರ್ಧವಾಯಿತು. ನೂರಕ್ಕೆ ಬರೀ ನೀರು. ತಟ್ಟೆಯ ಐಸ್ ಮಾತ್ರ ಜಪ್ಪಯ್ಯ ಅಂದರೂ ಕರಗಲಿಲ್ಲ. ಬಗ್ಗಿ ನೋಡಿದರೆ ತಟ್ಟೆಯ ಅಂಚಿನಲ್ಲಿ ಹಿತ್ತಾಳೆ ಹಳದಿಯಾಗಿ ಇಣುಕುತ್ತಿತ್ತು.

ಅಜ್ಜಿ ಕನ್ನಡಕ ಒರೆಸುತ್ತಿದ್ದರು. “ಏನಾಯ್ತೇ?”

‘ಫೇಲ್’ ಎಂಬ ಮಾತು ಚೂಟಿಯ ನಾಲಿಗೆ ತುದಿಗೇ ಬಂದಿತ್ತು. ಅಷ್ಟರಲ್ಲಿ ಪೇಪರ್ ಕಟ್ಟಿನ ಹಿಂದಿನ ಕಪ್ ನೆನಪಾಯಿತು.

“ಅಜ್ಜಿ, ಸುತ್ತಲೂ ಕೆತ್ತಿರೋ ಈ ಹೆಸರೆಲ್ಲ ಯಾರದ್ದು?”

ಅಜ್ಜಿಗೆ ಅಷ್ಟೇ ಸಾಕಾಯಿತು. ಕನ್ನಡಕ ಏರಿಸಿ, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಹೇಳತೊಡಗಿದರು. ಇವನು ಸೊಗಸಾಗಿ ಸಿಳ್ಳೆ ಹಾಕುತ್ತಿದ್ದ ಆಂಬುಲೆನ್ಸ್ ಡ್ರೈವರ್. ಇವಳು ಅಜ್ಜಿಯ ಟಿಫನ್ ಬಾಕ್ಸ್ ಕದ್ದು ಖಾಲಿ ಮಾಡುತ್ತಿದ್ದ ಆಯಾ. ಇವರು ಮೊದಲ ಇಂಜೆಕ್ಷನ್ ಕೊಡುವಾಗ ಕೈ ನಡುಗಿದ ಡಾಕ್ಟರ್, ಆಗ ಆ ಕೈ ಹಿಡಿದುಕೊಂಡವರು ಅಜ್ಜಿ. ಹದಿನೇಳು ಹೆಸರಿಗೆ ಹದಿನೇಳು ಕತೆ.

ನಾಲ್ಕನೇ ಹೆಸರಿಗೆಂದು ಬೆರಳು ಆ ಕಡೆಯ ಅಂಚಿಗೆ ಹೋದಾಗಲೇ ಚೂಟಿ ಐಸ್ ಎತ್ತಿ ಗುಳುಂ ಎಂದು ಬಾಯಿಗೆ ಹಾಕಿಕೊಂಡಳು. ಹಲ್ಲೆಲ್ಲ ಜುಂ ಎಂದಿತು.

“ಅರೆ, ಐಸ್ ಎಲ್ಲೇ?” ಎಂದರು ಅಜ್ಜಿ.

“ಕರಗ್ತು ಅಜ್ಜಿ,” ಎಂದಳು ಚೂಟಿ, ಉಬ್ಬಿದ ಕೆನ್ನೆಯನ್ನು ಆ ಕಡೆ ತಿರುಗಿಸಿ.

ಅಜ್ಜಿ ತಟ್ಟೆಗೆ ಮತ್ತೆ ಟವೆಲ್ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದರು. ಚೂಟಿ ಕುರ್ಚಿಯನ್ನು ಬೀರುವಿನ ಹತ್ತಿರ ಎಳೆದಳು.

ಸಂಜೆ ಅಪ್ಪ ಆಫೀಸಿನಿಂದ ಬಂದು ಶೂ ಬಿಚ್ಚುತ್ತ ತಲೆ ಎತ್ತಿದ. ಶೋಕೇಸಿನಲ್ಲಿ ಕಪ್ ಮೊದಲಿನ ಜಾಗದಲ್ಲೇ ಇತ್ತು. ಚೂಟಿ ತಲೆ ಬಗ್ಗಿಸಿ ಹೋಮ್‌ವರ್ಕ್ ಮಾಡುತ್ತಿದ್ದಳು.

“ಅಪ್ಪಾ, ಅವತ್ತು ಎಷ್ಟು ಮೀಟರ್ ಓಡಿದ್ದೆ ನೀನು?”

ಅಪ್ಪ ಇನ್ನೊಮ್ಮೆ ಕಪ್ ಕಡೆ ನೋಡಿದ. ಆಮೇಲೆ ಹೊಟ್ಟೆಯನ್ನು ಒಳಗೆಳೆದುಕೊಂಡು, ಅವಳ ಪಕ್ಕದಲ್ಲಿ ಬಂದು ಕೂತ.