ಕೊಡೆ ಹಿಡಿದ ಹೆಂಗಸಿನ ಮೀಸೆ

"ಸರ್, ಆ ರಸ್ತೆ ಬೇಡ! ಅಲ್ಲಿ ಕಚ್ಚುವ ನಾಯಿ ಉಂಟು!"

ವಿನೋದಾ ದಾರಿಗೆ ಅಡ್ಡ ನಿಂತಳು. ಐದನೇ ಕ್ಲಾಸಿನ ಮಕ್ಕಳನ್ನು ಕಟ್ಟಿಕೊಂಡು ಉಡುಪಿ ಪೇಟೆಯ ಚಿತ್ರಗಳನ್ನು ತೋರಿಸಲು ಹೊರಟಿದ್ದ ಡ್ರಾಯಿಂಗ್ ಮಾಸ್ಟ್ರು ತಾರಾನಾಥರು ಕನ್ನಡಕ ಸರಿಮಾಡಿಕೊಂಡರು.

"ನಾಯಿಯಾ? ನಿನ್ನೆವರೆಗೆ ಇರಲಿಲ್ಲವಲ್ಲ ಮಾರಾಯ್ತಿ!"

ಟಾಕೀಸಿನ ಬ್ಯಾನರ್ ನೋಡಿ ಆಗಿತ್ತು. ಅದರಲ್ಲಿದ್ದ ಹೀರೋನ ಮೂಗೇ ಕ್ಲಾಸಿನ ಗಿಡ್ಡ ಜನಾರ್ದನನಿಗಿಂತ ಉದ್ದವಿತ್ತು. ಹೋಟೆಲಿನ ಗೋಡೆಯ ಯಕ್ಷಗಾನದ ರಾಕ್ಷಸನನ್ನೂ ನೋಡಿದ್ದರು. ಇನ್ನು ಉಳಿದದ್ದು ಸ್ಟ್ಯಾನಿಸ್ಲಾಸ್ ಪೇಂಟರರ ಶೆಡ್ಡು. ಅದರ ದಾರಿಯಲ್ಲೇ ಕೊಡೆ ಅಂಗಡಿಯ ಜಾಹೀರಾತಿನ ಗೋಡೆ. ಗೋಡೆಯ ತುಂಬ ಕೊಡೆ ಹಿಡಿದು ನಗುವ ಹೆಂಗಸು. ಆಕೆಗೆ ನಿನ್ನೆ ಸಂಜೆ ಇದ್ದಿಲಿನಿಂದ ದಪ್ಪ ಮೀಸೆ ಬರೆದದ್ದು ಯಾರು? ಇದೇ ವಿನೋದಾ!

ಬರೀ ಮೀಸೆಯಾಗಿದ್ದರೆ ಪರವಾಗಿರಲಿಲ್ಲ. ಬೆಳಿಗ್ಗೆ ಹೆದರಿಕೆಯಾಗಿ ಅದನ್ನು ಒದ್ದೆ ಕರ್ಚೀಫಿನಿಂದ ಉಜ್ಜಿದ್ದಳು. ಮೀಸೆ ಇಳಿದು ಗಡ್ಡವಾಯಿತು. ಬಣ್ಣವೂ ಕಿತ್ತು ಬಂದು, ನಗುವ ಬಾಯಿಯೇ ಮಾಯವಾಯಿತು.

"ಸರಿ, ಸುತ್ತಿ ಹೋಗುವ," ಎಂದರು ಮಾಸ್ಟ್ರು. ಮೀನು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಮೂಗು ಮುಚ್ಚಿಕೊಂಡು ಎಲ್ಲರೂ ನಡೆದರು. ವಿನೋದಾಳಿಗೆ ಒಳಗೊಳಗೇ ಖುಷಿ.

ಆದರೆ ಶೆಡ್ಡಿಗೆ ಬೀಗ. ಪಕ್ಕದ ಸೈಕಲ್ ಅಂಗಡಿಯವರು ಹೇಳಿದರು: "ಪೇಂಟರಾ? ಕೊಡೆ ಗೋಡೆಯ ಹತ್ತಿರ ಹೋಗಿದ್ದಾರೆ."

ಮಾಸ್ಟ್ರು ಅತ್ತ ತಿರುಗಿದಾಗ ವಿನೋದಾ ಸಾಲಿನ ಕೊನೆಗೆ ಸರಿದಳು.

ಗೋಡೆಯ ಎದುರು ಏಣಿ ಇಟ್ಟುಕೊಂಡು ಸ್ಟ್ಯಾನಿಸ್ಲಾಸ್ ತಲೆ ಕೆರೆಯುತ್ತಾ ನಿಂತಿದ್ದರು. ಪಕ್ಕದಲ್ಲಿ ಒಬ್ಬರು ಅಜ್ಜಿ. ಕಚ್ಚುವ ನಾಯಿ ಎಲ್ಲಿಯೂ ಇರಲಿಲ್ಲ.

"ಎಂತ ಆಯ್ತು?" ಮಾಸ್ಟ್ರು ಕೇಳಿದರು.

"ನೋಡಿ ಮಾಸ್ಟ್ರೇ, ಇವರು ನನ್ನ ಅಮ್ಮ, ರೋಸಲಿನ್ ಬಾಯಿ. ಗೋಡೆಯಲ್ಲಿ ಇರುವುದು ನನ್ನ ತಂಗಿ ವೆರೊನಿಕಾ. ಕುವೈಟಿನಲ್ಲಿ ನರ್ಸ್. ಮುಖ ಬರೆಯುವಾಗ ನಮ್ಮವರ ಮುಖವೇ ಕೈಗೆ ಬರುತ್ತದಲ್ವಾ? ಅಮ್ಮ ದಿನಾ ಇಗರ್ಜಿಯ ಪೂಜೆ ಮುಗಿಸಿ ಬರುವಾಗ ಇಲ್ಲಿ ನಿಂತು ಅವಳನ್ನು ನೋಡಿಯೇ ಮನೆಗೆ ಬರುವುದು."

"ಈ ಕ್ರಿಸ್ಮಸ್ಸಿಗೂ ಅವಳಿಗೆ ರಜೆ ಸಿಗಲಿಲ್ಲ," ಎಂದರು ಅಜ್ಜಿ. "ಆ ನಗು ಒಂದು ಉಳಿದಿದ್ದರೆ ಸಾಕಿತ್ತು."

ವಿನೋದಾ ಏಣಿಯ ಹತ್ತಿರ ಬಂದಳು. ಜೇಬಿನಲ್ಲಿದ್ದ, ಇದ್ದಿಲು ಹತ್ತಿ ಕಪ್ಪಾದ ಕರ್ಚೀಫು ತೆಗೆದು ಮುಂದೆ ಹಿಡಿದಳು.

"ನಾನು... ನಾನೇ ಮಾಡಿದ್ದು."

ಸ್ಟ್ಯಾನಿಸ್ಲಾಸ್ ಹುಬ್ಬು ಗಂಟಿಕ್ಕಿದರು.

"ಮೀಸೆಯೂ ನೀನೇ, ಗಡ್ಡವೂ ನೀನೇ?"

"ಮೀಸೆ ಬೇಕೆಂದೇ ಬರೆದದ್ದು. ಗಡ್ಡ ತಾನಾಗಿ ಬಂತು!"

ರೋಸಲಿನ್ ಬಾಯಿ ಕಿಸಕ್ಕನೆ ನಕ್ಕುಬಿಟ್ಟರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು.

"ಅಮ್ಮಾ, ಹಾಗೆಯೇ ನಗ್ತಾ ಇರಿ!" ಸ್ಟ್ಯಾನಿಸ್ಲಾಸ್ ಬ್ರಶ್ ಹಿಡಿದು ಏಣಿ ಹತ್ತಿದರು. "ವೆರೊನಿಕಾಳದ್ದೂ ಇದೇ ನಗು. ಏಯ್ ಹುಡುಗಿ, ಅಮ್ಮನ ನಗು ನಿಲ್ಲದ ಹಾಗೆ ನೋಡಿಕೊಳ್ಳುವುದು ನಿನ್ನ ಕೆಲಸ!"

ಅದು ವಿನೋದಾಳಿಗೆ ಚೆನ್ನಾಗಿ ಬರುವ ಕೆಲಸ. ಸೀನುವ ಹೆಡ್‌ಮಾಸ್ಟ್ರು, ಟಿಕೆಟ್ ಹರಿಯುವ ಕಂಡಕ್ಟರ್, ಕೊನೆಗೆ ಕನ್ನಡಕ ಸರಿಮಾಡುವ ತಾರಾನಾಥ ಮಾಸ್ಟ್ರು, ಹೀಗೆ ಎಲ್ಲರನ್ನೂ ಅಣಕಿಸಿ ತೋರಿಸಿದಳು. ಮಾಸ್ಟ್ರು ಕೆಮ್ಮಿದರು. ಅಜ್ಜಿ ಹೊಟ್ಟೆ ಹಿಡಿದುಕೊಂಡರು. ಗೋಡೆಯ ಮೇಲೆ ವೆರೊನಿಕಾ ನಿಧಾನವಾಗಿ ನಗತೊಡಗಿದಳು.

ಮರುದಿನ ಶಾಲೆ ಬಿಟ್ಟ ಮೇಲೆ ವಿನೋದಾಳ ಜೊತೆ ಹೊರಟ ಜನಾರ್ದನ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತ. ಹಲ್ಲುಪುಡಿಯ ಜಾಹೀರಾತಿನ ಗೋಡೆಯಲ್ಲಿ ಒಬ್ಬ ಬೊಚ್ಚುಬಾಯಿಯ ಮುದುಕನ ಚಿತ್ರವಿತ್ತು.

"ಇವನಿಗೆ ಕೋರೆಹಲ್ಲು ಇಡುವ," ಎಂದು ಅವನು ಇದ್ದಿಲು ಚಾಚಿದ.

ವಿನೋದಾಳ ಕೈ ತುರಿಸಿತು. ಇದ್ದಿಲು ತೆಗೆದುಕೊಂಡು ಗೋಡೆಯ ಹತ್ತಿರ ಹೋದಳು. ಮುದುಕನ ಮುಖವನ್ನು ತುಂಬಾ ಹೊತ್ತು ನೋಡಿದಳು.

"ಎಂತ ನೋಡ್ತೀಯಾ? ಬೇಗ!"

"ಇವರು ಯಾರ ಅಜ್ಜನೋ ಮಾರಾಯ," ಎಂದಳು.

ಇದ್ದಿಲನ್ನು ಚರಂಡಿಗೆ ಎಸೆದು ಗೋಡೆಯ ಕಡೆಗೆ ಕೈ ಬೀಸಿದಳು.

"ಅಜ್ಜಾ, ಬರ್ತೇವೆ ಆಯ್ತಾ?"