ಪರದೆಯ ಹಿಂದಿನ ಕೈರುಚಿ

“ಪುಟ್ಟೀ, ಮಿಕ್ಸಿ ಬಚ್ಚಿಟ್ಟೆಯೇನೇ?”

“ಮಂಚದ ಕೆಳಗಿದೆ ಅಮ್ಮ.”

“ಅಪ್ಪನ್ನ?”

“ಪರದೆ ಹಿಂದೆ.”

ಅಮ್ಮನಿಗೆ ಸಮಾಧಾನವಾಯಿತು. ಹೊರಗೆ ಕಾಲಿಂಗ್ ಬೆಲ್ ಹೊಡೆದುಕೊಳ್ಳುತ್ತಿತ್ತು.

ಭಾನುವಾರ ಬಂತೆಂದರೆ ಪುಟ್ಟಿಯ ಮನೆ ಇದ್ದಕ್ಕಿದ್ದಂತೆ ಸಾಂಪ್ರದಾಯಿಕವಾಗಿಬಿಡುತ್ತಿತ್ತು. ಹೋದ ತಿಂಗಳು ಕೊಂಡ ಕಲ್ಲಿನ ಕುಟ್ಟಾಣಿಗೆ ಅಂದು ಮಾತ್ರ ನೂರು ವರ್ಷ ವಯಸ್ಸು. ಊರು ನೋಡಲು ಬಂದ ಪ್ರವಾಸಿಗರು ‘ಅಜ್ಜಿಯ ಕೈರುಚಿ’ ಎಂಬ ಅಡುಗೆ ಕ್ಲಾಸಿಗೆ ಬರುತ್ತಿದ್ದರು. ತೊಂದರೆ ಇದ್ದದ್ದು ಒಂದೇ. ಅಜ್ಜಿಗೆ ಅಡುಗೆ ಬರುತ್ತಿರಲಿಲ್ಲ.

ಪಾಪ, ಅವಳು ಮೂವತ್ತೈದು ವರ್ಷ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತವಳು. ಮನೆಯಲ್ಲಿ ಅಡುಗೆ ಅಜ್ಜನದಾಗಿತ್ತು. ಅಜ್ಜ ಹೋದ ಮೇಲೆ ಅಪ್ಪನದಾಯಿತು. ಆದರೆ ಜಾಹೀರಾತಿಗೆ ಅಪ್ಪನ ಮೀಸೆ ಹೊಂದಲಿಲ್ಲವಂತೆ. “ಜನಕ್ಕೆ ಬೇಕಾಗಿರೋದು ಅಜ್ಜಿ ಕಣ್ರೀ,” ಎಂದು ಅಮ್ಮ ತೀರ್ಪು ಕೊಟ್ಟಿದ್ದಳು.

ಹಾಗಾಗಿ ಅಪ್ಪ ಪರದೆಯ ಹಿಂದೆ ನಿಂತು ಪಿಸುಗುಡುವುದು, ಪುಟ್ಟಿ ಓಡಿಹೋಗಿ ಅದನ್ನು ಅಜ್ಜಿಯ ಕಿವಿಗೆ ಹಾಕುವುದು. ಕೊನೆಗೆ ಹೊಗಳಿಕೆಯೆಲ್ಲ ಅಜ್ಜಿಗೆ, ತೊಳೆಯುವ ಪಾತ್ರೆಯೆಲ್ಲ ಅಪ್ಪನಿಗೆ. ನೋಡಿ ನೋಡಿ ಪುಟ್ಟಿಗೆ ಹೊಟ್ಟೆ ಉರಿಯುತ್ತಿತ್ತು.

ಅಂದು ಕುಂಬಳಕಾಯಿ ಸಾರು. ನೋಟ್‌ಬುಕ್ ಹಿಡಿದ ಆಂಟಿ ಒಲೆಯ ಪಕ್ಕದಲ್ಲೇ ನಿಂತಿದ್ದರು. “ಅಜ್ಜಿ, ಉಪ್ಪು ಎಷ್ಟು?”

“ಅಂದಾಜು,” ಎಂದಳು ಅಜ್ಜಿ. ಕೌಂಟರ್ ಮುಚ್ಚುವ ಹೊತ್ತಿನ ದನಿ ಅದು.

ಆಂಟಿ ‘ಅಂದಾಜು’ ಎಂದು ಬರೆದು ಕೆಳಗೆ ಗೆರೆ ಎಳೆದರು. “ಆಹಾ, ಅನುಭವ ಅಂದ್ರೆ ಇದು!” ಎಂದರು ಜೊತೆಗಿದ್ದ ಟೋಪಿ ಅಂಕಲ್.

ಪರದೆಯ ಹಿಂದಿನಿಂದ ಒಂದು ಕೈ ಬಂದು ಪುಟ್ಟಿಯನ್ನು ಎಳೆಯಿತು. “ಕುಂಬಳಕಾಯಿ ಬೇಯಿಸೋವಾಗಲೇ ಉಪ್ಪು ಹಾಕಿದೀನಿ. ಇನ್ನು ಹಾಕಬೇಡ ಅಂತ ಅಜ್ಜಿಗೆ ಹೇಳು. ಓಡು!”

ಪುಟ್ಟಿ ಓಡಲಿಲ್ಲ. ಆರಾಮವಾಗಿ ನಡೆದುಹೋಗಿ ಅಜ್ಜಿಯ ಪಕ್ಕ ನಿಂತಳು. ಒಂದು ಸಲ ಕೆಡಲಿ, ಆಗ ಗೊತ್ತಾಗುತ್ತೆ ಕೈರುಚಿ ಯಾರದು ಅಂತ! ಅಜ್ಜಿ ಅವಳ ಮುಖ ನೋಡಿದಳು. ಪುಟ್ಟಿ ಸೂರು ನೋಡಿದಳು. ಅಜ್ಜಿ ಒಂದು ಹಿಡಿ ಉಪ್ಪು ಸುರಿದಳು.

ರುಚಿ ನೋಡಿದ ಟೋಪಿ ಅಂಕಲ್ ಕಣ್ಣಲ್ಲಿ ನೀರು ಬಂತು. “ತುಂಬಾ... ಸಾಂಪ್ರದಾಯಿಕವಾಗಿದೆ,” ಎಂದು ನೀರಿನ ಲೋಟಕ್ಕೆ ಕೈಹಾಕಿದರು. ಆಂಟಿ ಸಾರನ್ನು ಮೆಲ್ಲಗೆ ಕರವಸ್ತ್ರಕ್ಕೆ ಉಗಿದರು.

ಪುಟ್ಟಿ ನಗಬೇಕೆಂದಿದ್ದಳು. ಆದರೆ ಸೌಟು ಹಿಡಿದು ನಿಂತಿದ್ದ ಅಜ್ಜಿಯ ಮುಖ ಇಷ್ಟೇ ಇಷ್ಟಾಗಿತ್ತು. ನಗು ಬರಲಿಲ್ಲ.

ಪರದೆ ಸರಿಯಿತು. ಬನಿಯನ್‌ನಲ್ಲೇ ಇದ್ದ ಅಪ್ಪ ಬಂದು ಬೆಂದ ಆಲೂಗಡ್ಡೆ ಕಿವುಚಿ ಸಾರಿಗೆ ಹಾಕಿದ, ಬಿಸಿನೀರು ಸುರಿದ, ಕುದಿಸಿದ, ಬಟ್ಟಲುಗಳಿಗೆ ಬಡಿಸಿದ. ಈ ಸಲ ಯಾರೂ ನೀರು ಕೇಳಲಿಲ್ಲ.

“ಇವರು ಯಾರು?” ಆಂಟಿ ಬಟ್ಟಲು ಖಾಲಿ ಮಾಡಿ ಕೇಳಿದರು.

“ಅಸಿಸ್ಟೆಂಟು,” ಎಂದಳು ಅಮ್ಮ, ಕಣ್ಣು ಮಿಟುಕಿಸದೆ.

“ಅಸಿಸ್ಟೆಂಟು ನಾನು,” ಎಂದಳು ಅಜ್ಜಿ. “ಇವನು ನನ್ನ ಮಗ. ಅಡುಗೆ ಇವನದು. ಕಲಿಸಿದ್ದು ನನ್ನ ಗಂಡ. ನಾನು ಟಿಕೆಟ್ ಕೊಡ್ತಿದ್ದೆ ಅಷ್ಟೆ.”

ಆಂಟಿ ‘ಅಂದಾಜು’ ಹೊಡೆದುಹಾಕಿದರು. “ಹಾಗಾದ್ರೆ ಮೊದಲಿಂದ ನೀವೇ ಹೇಳಿಕೊಡಿ ಸಾರ್.”

ಅಪ್ಪನ ಕಿವಿ ಕೆಂಪಾಯಿತು. ಒಂದು ಸಲ ಆಸೆಯಿಂದ ಪರದೆಯ ಕಡೆ ತಿರುಗಿ ನೋಡಿದ. ಮುಂದೆ ಬರೋಕೆ ಇಷ್ಟವಾ ಅಂತ ಅಪ್ಪನನ್ನು ತಾನು ಒಂದು ದಿನವೂ ಕೇಳಿರಲಿಲ್ಲ ಎಂಬುದು ಪುಟ್ಟಿಗೆ ಆಗ ಹೊಳೆಯಿತು. ಕೊನೆಗೆ ಅವನು ಹೊಸದಾಗಿ ಕುಂಬಳಕಾಯಿ ಹೆಚ್ಚಿ, ಉಪ್ಪು ಹಾಕಿ ಬೇಯಲಿಟ್ಟ.

ಪರದೆಯ ಹಿಂದಿನ ಕುರ್ಚಿ ಅಷ್ಟರಲ್ಲಿ ಅಜ್ಜಿಯ ಪಾಲಾಗಿತ್ತು. ಕಾಲು ಚಾಚಿ ಕೂತು ಅವಳು ಪುಟ್ಟಿಯನ್ನು ಹತ್ತಿರ ಕರೆದಳು. “ಸೂರಲ್ಲಿ ಏನಿತ್ತೇ ಅಂಥದ್ದು?”

ಪುಟ್ಟಿ ತಲೆ ತಗ್ಗಿಸಿದಳು. “ತಪ್ಪಾಯ್ತಜ್ಜಿ.”

“ಸರಿ, ಹೋಗು. ಅಲ್ಲಿ ನಿಮ್ಮಪ್ಪ ಬೆವರ್ತಿದಾನೆ.”

ಒಲೆಯ ಮೇಲೆ ಹೊಸ ಸಾರು ಕುದಿಯುತ್ತಿತ್ತು. ಅಪ್ಪ ಉಪ್ಪಿನ ಡಬ್ಬಿ ಹಿಡಿದು ಸುಮ್ಮನೆ ನಿಂತಿದ್ದ. ಎಲ್ಲರ ಕಣ್ಣೂ ಅವನ ಮೇಲೆ. ಪುಟ್ಟಿ ಓಡಿದಳು.

“ಹಾಕಿದ್ನೇನೇ?” ಅಪ್ಪ ಪಿಸುಗುಟ್ಟಿದ.

ಪುಟ್ಟಿ ತುದಿಗಾಲಲ್ಲಿ ನಿಂತು ಅವನ ಕಿವಿಗೆ ಹೇಳಿದಳು, “ಒಂದು ಸಲ ಹಾಕಿದೀಯಪ್ಪ. ಸಾಕು.”